ಸೋಮವಾರದ ಗುಳಿಗೆಗಳು

ನಮ್ಮತ್ತೆಯ ಬಿ.ಪಿ. ಬಂಗಾರದಂಥದ್ದು. ಹೀಗೆಂದವಳು ನಾನಲ್ಲ, ಅನಂತಪುರದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ನಮ್ಮ ಸೂಪರ್‌ವೈಸರ್ ಸಾರು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅತ್ತೆಯ ತೋಳಿಗೆ ಪಟ್ಟಿ ಸುತ್ತಿ, ಮಷೀನಿನಲ್ಲಿ ಬಂದ ಅಂಕಿ ನೋಡಿ, ಮೊಮ್ಮಗನಿಗೆ ಹಲ್ಲು ಬಂದಷ್ಟು ಖುಷಿಪಡುತ್ತಿದ್ದರು. "ನಮ್ಮ ಸ್ಟಡಿಯಲ್ಲಿ ನಿಮ್ಮತ್ತೆಯಷ್ಟು ಒಳ್ಳೆ ಪೇಷಂಟು ಇನ್ನೊಬ್ಬರಿಲ್ಲಮ್ಮಾ" ಎಂದು ನನ್ನ ಕಡೆ ತಿರುಗಿ ಹೇಳುವರು. ಒಳ್ಳೆ ಅತ್ತೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲವಾದ್ದರಿಂದ, ಒಳ್ಳೆ ಪೇಷಂಟು ಎಂಬ ಬಿರುದನ್ನಾದರೂ ಅತ್ತೆ ಸೆರಗು ಸರಿಮಾಡಿಕೊಂಡು ಸ್ವೀಕರಿಸುತ್ತಿದ್ದರು.

ನನ್ನ ಕೆಲಸ ಏನೆಂದು ನಮ್ಮೂರಿನವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರು ಇನ್ಶೂರೆನ್ಸಿನವಳು ಅನ್ನುತ್ತಾರೆ. ಕೆಲವರು ರೇಷನ್ ಕಾರ್ಡು ತೆಗೆಸಲು ಬಂದವಳೆಂದು ನಾಯಿ ಛೂ ಬಿಡುತ್ತಾರೆ. ಇರುವ ಸಂಗತಿ ಇಷ್ಟೇ. ಔಷಧಿ ಕಂಪನಿ ಹೊಸ ಮಾತ್ರೆ ಮಾಡಿದಾಗ ಮೊದಲು ಅದನ್ನು ದೊಡ್ಡ ಆಸ್ಪತ್ರೆಗಳಲ್ಲಿ ಆರಿಸಿದ ಜನರಿಗೆ ಕೊಟ್ಟು ನೋಡುತ್ತದೆ. ಆ ಜನ ಹೇಳಿದ ಹೊತ್ತಿಗೆ ಉಂಡು, ಹೇಳಿದ ಹೊತ್ತಿಗೆ ನುಂಗಿ, ಹೇಳಿದ ಹೊತ್ತಿಗೆ ಮಲಗುತ್ತಾರೆ. ಮಾತ್ರೆ ಪಾಸಾಗುತ್ತದೆ, ಅಂಗಡಿಗೂ ಬರುತ್ತದೆ. ಆಮೇಲೆ ಕಂಪನಿಗೆ ಇನ್ನೊಂದು ಅನುಮಾನ ಶುರುವಾಗುತ್ತದೆ: ಎಲೆಅಡಿಕೆ ಜಗಿಯುವವರು, ಒಪ್ಪತ್ತು ಇರುವವರು, ಮಾತ್ರೆಯನ್ನು ಮರೆಯುವವರು, ಇಂಥವರ ಹೊಟ್ಟೆಯಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ? ಇದನ್ನು ತಿಳಿಯಲು ಮಾಡುವ ಕೆಲಸಕ್ಕೆ ಅವರು ರಿಯಲ್ ವರ್ಲ್ಡ್ ಸ್ಟಡಿ ಅನ್ನುತ್ತಾರೆ, ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವವಳು ನಾನು. ನಿಜವಾದ ಪ್ರಪಂಚ ಎಲ್ಲಿದೆ ಎಂದು ಹುಡುಕುತ್ತ ಹುಡುಕುತ್ತ ಬೊಮ್ಮನಹಾಳಿಗೆ ಬಂದರು. ಸರಿಯಾದ ಜಾಗಕ್ಕೇ ಬಂದರೆಂದು ನನ್ನ ಅಭಿಪ್ರಾಯ.

ನನ್ನ ತವರು ಮಡಕಶಿರಾ ಕಡೆಯ ಅಗಳಿ. ಕೊಟ್ಟದ್ದು ರಾಯದುರ್ಗದ ಆಚೆ, ಬೊಮ್ಮನಹಾಳ್ ಪಕ್ಕದ ಹಳ್ಳಿಗೆ. ಆಗ ಎರಡೂ ಆಂಧ್ರದ ಅನಂತಪುರವೆಂಬ ಒಂದೇ ಜಿಲ್ಲೆ, "ಇಲ್ಲೇ ಪಕ್ಕದಲ್ಲಿ ಕೊಡ್ತಿದ್ದೀವಿ" ಎಂದು ನಮ್ಮಪ್ಪ ಅಮ್ಮನಿಗೆ ಹೇಳಿ ಒಪ್ಪಿಸಿದ್ದರು. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು ಆ ಪಕ್ಕ ಎಷ್ಟು ಉದ್ದ ಎಂದು. ಭಾಷೆಯೂ ಬೇರೆ. ನಮ್ಮ ಕಡೆ "ಬಾರಮ್ಮ, ಕೂತ್ಕಳಮ್ಮ" ಎಂದರೆ ಇಲ್ಲಿ "ಬರ್ರಿ, ಕುಂದರ್ರಿ". ಮದುವೆಯಾದ ಹೊಸದರಲ್ಲಿ ನಾನು "ಹೂ ಕಣತ್ತೆ" ಎಂದಾಗ ಅತ್ತೆ ಪಕ್ಕದ ಮನೆಯವರನ್ನೆಲ್ಲ ಕರೆದು, ಅವರ ಮುಂದೆ ಅದನ್ನೇ ಇನ್ನೊಮ್ಮೆ ಹೇಳಿಸಿದ್ದರು. ಎರಡು ಕಡೆಯ ಕನ್ನಡ, ನಡುವಿನ ತೆಲುಗು ಎಲ್ಲ ಬರುತ್ತದೆಂದು ಕಂಪನಿಯವರು ಎರಡೂ ಕಡೆಗೆ ನನ್ನನ್ನೇ ಹಾಕಿದರು. ತಿಂಗಳಲ್ಲಿ ಒಂದು ವಾರ ಅಗಳಿ ಸುತ್ತಮುತ್ತ ತಿರುಗಬೇಕು. ತವರಿಗೆ ಹೋಗಲು ಕಂಪನಿಯೇ ಬಸ್ ಚಾರ್ಜು ಕೊಡುವ ಸೊಸೆ ನಮ್ಮ ಓಣಿಯಲ್ಲಿ ನಾನೊಬ್ಬಳೇ. ಎಲ್ಲಿಗೆ ಹೋಗುವುದಿದ್ದರೂ ಮುಂಜಾನೆ ಮೊದಲ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಊಟ ತಿಂಡಿ ಏನೂ ಇರುತ್ತಿರಲಿಲ್ಲ. ತಲೆನೋವಿಗೆ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ಓಡುತ್ತಿದ್ದೆ.

ಇನ್ನು ಅತ್ತೆ. ಅತ್ತೆ ನಾಟಿ ಗುಂಪಿನ ಮೇಸ್ತ್ರಿ. ಕಾಲುವೆಗೆ ನೀರು ಬಿಟ್ಟರೆ ಸಾಕು, ಗದ್ದೆಯ ಮಾಲೀಕರು ಒಬ್ಬರ ಹಿಂದೊಬ್ಬರು ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಯಾರ ಗದ್ದೆಗೆ ಯಾವತ್ತು ಎಂದು ಅತ್ತೆ ಎಲೆಗೆ ಸುಣ್ಣ ಸವರುತ್ತ ತೀರ್ಮಾನಿಸುತ್ತಾರೆ. ಆಟೋದಲ್ಲಿ ಡ್ರೈವರ್ ಪಕ್ಕದ ಸೀಟು ಅವರದು, ಹಿಂದೆ ತುಂಬಿಕೊಳ್ಳುವ ಹೆಂಗಸರೆಲ್ಲ ಅವರ ಮಾತಿನವರು. ಕೆಸರಿನಲ್ಲಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುವಾಗ ಇಪ್ಪತ್ತರ ಹುಡುಗಿಯರೂ ಅವರ ಸಮಕ್ಕೆ ಬರುವುದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಮಕ್ಕಳನ್ನು ಸಾಕಿದ್ದು ಈ ಗುಂಪಿನಿಂದ. ಆದರೆ ಮೇಸ್ತ್ರಿಯ ಪಟ್ಟ ಯಾರೂ ಬರೆದುಕೊಟ್ಟದ್ದಲ್ಲ. ಕಾಲಲ್ಲಿ ಬಲ ಇರುವವರೆಗೆ ಮಾತ್ರ ಅದು ಇರುತ್ತದೆ. ಪಕ್ಕದ ಹಳ್ಳಿಯ ಮೇಸ್ತ್ರಿ ಒಮ್ಮೆ ಗದ್ದೆಯಲ್ಲಿ ಕುಸಿದು ಕೂತದ್ದಕ್ಕೆ, ಮುಂದಿನ ನಾಟಿಯ ಹೊತ್ತಿಗೆ ಅವರ ಹೆಂಗಸರೆಲ್ಲ ಬೇರೆ ಗುಂಪು ಸೇರಿದ್ದರು.

ಬೊಮ್ಮನಹಾಳಿನ ಡಾಕ್ಟರು ಒಂದು ಬೇಸಿಗೆಯಲ್ಲಿ ಗುಂಪಿನ ಅರ್ಧ ಹೆಂಗಸರಿಗೆ ಬಿ.ಪಿ. ಇದೆ ಎಂದು ಹೇಳಿ ನಮ್ಮ ಕಂಪನಿಯ ಮಾತ್ರೆಯನ್ನೇ ಬರೆದರು. ದಿನಕ್ಕೊಂದು, ಬೆಳಗ್ಗೆ ತಿಂಡಿಯಾದ ಮೇಲೆ. ಅತ್ತೆ ಸ್ಟಡಿಗೆ ಸೇರಲು ಒಪ್ಪಿದರು, ಅವರ ಹಿಂದೆ ಗುಂಪೂ ಒಪ್ಪಿತು. ಸ್ವಂತ ಸಂಬಂಧಿಕರನ್ನು ನಾನು ಪ್ರಶ್ನೆ ಕೇಳುವಂತಿಲ್ಲ ಎಂಬ ನಿಯಮ ಇದೆ. ಆ ಗುಂಪಿನಲ್ಲಿ ಒಬ್ಬರು ದೊಡ್ಡತ್ತೆ, ಒಬ್ಬರು ಚಿಕ್ಕತ್ತೆ, ಉಳಿದವರು ಯಾವುದೋ ಬಳಸುದಾರಿಯಲ್ಲಿ ಅತ್ತೆ. ಹಾಗಾಗಿ ಅಷ್ಟೂ ಅತ್ತೆಯರನ್ನು ಸೂಪರ್‌ವೈಸರ್ ಸಾರೇ ನೋಡಿಕೊಳ್ಳಬೇಕಾಯಿತು.

ಅವರು ಬರುತ್ತಿದ್ದದ್ದು ಸೋಮವಾರ. ಸೋಮವಾರ ಎತ್ತು ಹೂಡಬಾರದು, ಬಸವಣ್ಣನ ದಿನ ಎನ್ನುವುದು ಈ ಕಡೆಯ ಹಳೆಯ ಪದ್ಧತಿ. ಈಗ ಎತ್ತು ಹೋಗಿ ಟ್ರ್ಯಾಕ್ಟರು ಬಂದಿದೆ, ಅದಕ್ಕೆ ಸೋಮವಾರ ಮಂಗಳವಾರದ ಗೊಡವೆ ಇಲ್ಲ. ಆದರೆ ಎತ್ತಿನ ರಜೆಯನ್ನು ಅತ್ತೆ ತಮ್ಮ ಗುಂಪಿಗೆ ಉಳಿಸಿಕೊಂಡರು. "ಎತ್ತಿಗೆ ಕೊಡ್ತಿದ್ರಿ, ನಮಗ ಕೊಡಾಕ ಏನ್ ಧಾಡಿ ನಿಮಗ?" ಎಂದು ಅವರು ಕೇಳಿದರೆ ಮಾಲೀಕರು ಮಂಗಳವಾರಕ್ಕೆ ಒಪ್ಪಿಕೊಂಡು ಹೋಗುತ್ತಿದ್ದರು. ಹೀಗೆ ಎಲ್ಲರೂ ಮನೆಯಲ್ಲಿ ಸಿಗುವ ದಿನ ಅದೊಂದೇ ಆಗಿತ್ತು.

ಸಾರು ಬರುವರು, ಮಷೀನು ಹಚ್ಚುವರು, ಅಂಕಿ ಬಂಗಾರ ಎನ್ನುವರು. ಆಮೇಲೆ ತಮ್ಮ ತೆಲುಗಿನಲ್ಲಿ "ಇಬ್ಬಂದಿ ಏಮೈನಾ ಉಂದಾ ಅಮ್ಮಾ?" ಎಂದು, ಅಂದರೆ ಮಾತ್ರೆಯಿಂದ ಏನಾದರೂ ತೊಂದರೆ ಇದೆಯೇ ಎಂದು ಕೇಳುವರು. ಅತ್ತೆ ಅದೇ ತೆಲುಗಿನಲ್ಲಿ "ಏಮೀ ಲೇದು ಸಾರ್", ಏನೂ ಇಲ್ಲ, ಎಂದು ಹೇಳಿ ಒಂದು ಲೋಟ ಚಹಾ ಮುಂದಿಡುವರು. ಕೊನೆಗೆ, ನುಂಗಿದ್ದಕ್ಕೆ ಸಾಕ್ಷಿಯಾಗಿ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ತೋರಿಸಬೇಕು. ಅತ್ತೆಯ ಎಲೆಅಡಿಕೆ ಚೀಲದಿಂದ ಖಾಲಿ ಸ್ಟ್ರಿಪ್ಪುಗಳು ಒಂದೂ ತಪ್ಪದೆ ಹೊರಬರುತ್ತಿದ್ದವು. ಸಾರು ಹೋದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ರಜೆಯ ದಿನ, ಮಲಗಲಿ ಎಂದು ನಾನು ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆ.

ಹೀಗೆ ಎಲ್ಲ ಸುಖವಾಗಿರುವಾಗ ಬೆಂಗಳೂರಿನ ಆಫೀಸಿನಿಂದ ಒಂದು ಫೋನು ಬಂತು. ಇಷ್ಟೊಂದು ಜನರಲ್ಲಿ ಒಬ್ಬರಿಗೂ ಒಂದು ಕೆಮ್ಮಿಲ್ಲ, ಒಂದು ತಲೆಸುತ್ತಿಲ್ಲ, ಅದು ಹೇಗೆ ಸಾಧ್ಯ ಎಂದು ಕೇಳಿದರು. ಬರೀ ನೀರು ಕುಡಿಸಿದ್ದರೂ ಯಾರಿಗಾದರೂ ಏನಾದರೂ ಆಗಿರಬೇಕಿತ್ತಲ್ಲ ಎಂದರು. ನಾನು ಎಲ್ಲೋ ಹುಣಸೆ ಮರದ ನೆರಳಲ್ಲಿ ಕೂತು ನನ್ನಷ್ಟಕ್ಕೆ ನಾನೇ ಉತ್ತರ ತುಂಬುತ್ತಿದ್ದೇನೆ ಎಂಬುದು ಆ ಮಾತಿನ ಒಳಗುಟ್ಟು. ನನಗೆ ಮೈಯೆಲ್ಲ ಉರಿದುಹೋಯಿತು. ಬಿಸಿಲಲ್ಲಿ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆದಿತ್ತು, ನಾಯಿಗಳಿಗೆಲ್ಲ ನನ್ನ ಗುರುತು ಹತ್ತಿತ್ತು. ಆದರೆ ಅವರು ಹೇಳಿದ್ದರಲ್ಲಿ ನ್ಯಾಯ ಇದೆಯಲ್ಲ ಎಂದೂ ಅನಿಸಿತು.

ಉತ್ತರ ಸಿಕ್ಕಿದ್ದು ಅಗಳಿಯಲ್ಲಿ, ಕುರಿ ಸಾಕುವ ಮನೆಯ ಒಬ್ಬ ಅಜ್ಜಿಯ ಹತ್ತಿರ. ಅಜ್ಜಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು.

"ಏನಜ್ಜಿ, ಮಾತ್ರೆಯಿಂದ ಏನಾದ್ರೂ ತೊಂದ್ರೆ ಐತಾ?"

"ಏನೂ ಇಲ್ಲ ಕಣಮ್ಮ, ಚೆನ್ನಾಗಿವ್ನಿ. ಕೂತ್ಕ, ಮಜ್ಜಿಗೆ ಕುಡಿ."

ಕೆಲಸ ಮುಗಿಯಿತೆಂದು ಮಜ್ಜಿಗೆ ಕುಡಿಯುತ್ತ, ಸುಮ್ಮನೆ ಮಾತಿಗೆ ಮಾತು ಎಂದು ಕೇಳಿದೆ. "ಆಚೆ ಮನೆ ಅಜ್ಜಿ ಹೆಂಗವ್ರೆ?"

"ಅವ್ಳಾ? ಅವ್ಳ ಕತೆ ಯಾಕ್ ಕೇಳ್ತೀಯ! ಆ ಮಾತ್ರೆ ಶುರು ಮಾಡ್ದಾಗಿಂದ ಒಂದೇ ಸಮ್ನೆ ಕೆಮ್ಮು. ಅವ್ಳ ಕೆಮ್ಮಿಗೆ ನಮ್ ಕುರಿಗೂ ನಿದ್ದೆ ಇಲ್ಲ. ಕೇಳಿದ್ರೆ ಬಾಯ್ ಬಿಡಾಕಿಲ್ಲ, ಬಲೇ ಬಿಗುಮಾನ."

ಆಚೆ ಮನೆಗೆ ಹೋದೆ. ಆ ಅಜ್ಜಿ ಕೆಮ್ಮು ನುಂಗಿಕೊಂಡು "ನಂಗೇನಾಗೈತೆ? ಗುಂಡ್ಕಲ್ಲಿದ್ದಂಗಿವ್ನಿ" ಎಂದರು. ಕುರಿ ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆನೋ ಇಲ್ಲವೋ, "ಅಯ್ಯೋ, ಬಗ್ಗಿ ಎದ್ರೆ ಕಣ್ ಕತ್ಲೆ ಬತ್ತದೆ ಅವ್ಳಿಗೆ. ಮೊನ್ನೆ ಮರಿ ಎತ್ಕಳಾಕೋಗಿ ಮರಿ ಮೇಲೇ ಕೂತ್ಲು" ಎಂದು ಮರಿಯ ಗತಿಯನ್ನೂ ಸೇರಿಸಿ ಹೇಳಿದರು.

ಆಗ ನನಗೆ ಹೊಳೆಯಿತು. ಹೊಸಿಲಿಗೆ ಬಂದವರಿಗೆ ಮೊದಲು ನೀರು ಕೊಡಬೇಕು, ಜೊತೆಗೆ ಒಂದು ಒಳ್ಳೆಯ ಮಾತು ಕೊಡಬೇಕು. ಮನೆಯ ನೋವು ಅವರ ಮುಂದೆ ಹರಡುವುದು ಮರ್ಯಾದೆಯಲ್ಲ. ನಮ್ಮಮ್ಮ ನನಗೆ ಕಲಿಸಿದ್ದೂ ಇದನ್ನೇ. ಆದರೆ ಈ ನಿಯಮ ಸ್ವಂತ ಮನೆಗೆ ಮಾತ್ರ, ಪಕ್ಕದ ಮನೆಗೆ ಅನ್ವಯಿಸುವುದಿಲ್ಲ. ಅಲ್ಲಿನ ಕೆಮ್ಮು, ಸುತ್ತು, ಬಾವು ಎಲ್ಲ ಊರ ಸೊತ್ತು.

ಸಂಭ್ರಮದಿಂದ ಸಾರಿಗೆ ಫೋನು ಮಾಡಿದೆ. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಬಾಯಿಂದ ಕೇಳಿ ಬರೆಯುವಂತಿಲ್ಲ, ಅದು ಪ್ರೋಟೋಕಾಲಿಗೆ ವಿರುದ್ಧ ಎಂದರು. ಸರಿ, ಅವರವರ ಬಾಯಿಂದಲೇ ಹೊರಡಿಸೋಣ ಎಂದುಕೊಂಡು ಕುರಿ ಅಜ್ಜಿಯ ಅಂಗಳಕ್ಕೆ ಮತ್ತೆ ಬಂದು, ಯಾರ ಹೆಸರನ್ನೂ ಹೇಳದೆ, ಯಾರಿಗೂ ಅಲ್ಲವೆಂಬಂತೆ ಹೇಳಿದೆ. "ಈ ಸೀಮೆಲಿ ಯಾರಿಗೋ ಈ ಮಾತ್ರೆಯಿಂದ ತಲೆಸುತ್ತು ಬಲೇ ಜಾಸ್ತಿಯಂತೆ."

ಅಜ್ಜಿ ಸೊಪ್ಪು ಕೆಳಗಿಟ್ಟರು. "ಯಾರಿಗೆ? ನನಗಿಂತಲಾ?"

ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಆ ವಾರ ಅಗಳಿಯ ಸುತ್ತಮುತ್ತ ತಲೆಸುತ್ತಿನಲ್ಲಿ ಎರಡನೇ ಸ್ಥಾನಕ್ಕೆ ಒಬ್ಬರೂ ಒಪ್ಪಲಿಲ್ಲ. ಕೇಳಿದ್ದನ್ನೆಲ್ಲ ಆಫೀಸಿಗೆ ಕಳಿಸಿ, ಅವರನ್ನು ನೋಡುವ ಡಾಕ್ಟರಿಗೂ ತಿಳಿಸಿ, ದಿಗ್ವಿಜಯ ಮಾಡಿದವಳಂತೆ ಬೊಮ್ಮನಹಾಳಿಗೆ ವಾಪಸಾದೆ.

ಅದು ಶ್ರಾವಣ. ಮುಂದಿನ ವಾರದ ಶನಿವಾರ ನಾಟಿ ಬೇಗ ಮುಗಿಸಿ ಗುಂಪೆಲ್ಲ ಆಟೋದಲ್ಲಿ ನೇಮಕಲ್ಲಿನ ಆಂಜನೇಯನ ಗುಡಿಗೆ ಹೊರಟಿತು, ನನ್ನನ್ನೂ ತುಂಬಿಕೊಂಡರು. ಅತ್ತೆ ಮಾಮೂಲಿನಂತೆ ಮುಂದಿನ ಸೀಟಿನಲ್ಲಿ. ಆಟೋದ ಸದ್ದಿಗೆ ಹಿಂದಿನ ಮಾತು ಮುಂದೆ ಕೇಳಿಸುವುದಿಲ್ಲ. ನನ್ನ ಹೊಸ ವಿದ್ಯೆಯ ತೀಟೆ ಸುಮ್ಮನಿರಬೇಕಲ್ಲ? ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ ಚಿಕ್ಕತ್ತೆಗೆ ಹೇಳಿದೆ. "ಊರಲ್ಲಿ ಯಾರಿಗೋ ಈ ಗುಳಿಗೆಯಿಂದ ಬಾಳ ತ್ರಾಸಂತೆ."

ಹಿಂದಿದ್ದ ಹೆಂಗಸರೆಲ್ಲ ಒಮ್ಮೆ ಮುಂದಿನ ಸೀಟಿನ ಕಡೆ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗಿನಲ್ಲಿ ನಕ್ಕರು.

"ತ್ರಾಸ ಅಂದ್ರ ಏನ್ ಹೇಳ್ಲವ್ವ" ಎಂದರು ಚಿಕ್ಕತ್ತೆ. "ನುಂಗಿದ ತಾಸಿಗೆ ಒಂದಕ್ಕ ಓಡಬೇಕು. ಮ್ಯಾಲಿಂದ ಮ್ಯಾಲ ಓಡಬೇಕು. ಗದ್ಯಾಗ ಎಲ್ಲಿ ಓಡೋದು? ಸುತ್ತ ಬಟ್ಟಬಯಲು, ಬದುವಿನ ಮ್ಯಾಲ ಮಾಲಕ ನಿಂತಿರ್ತಾನ."

"ಮತ್ತೆ ಏನ್ ಮಾಡ್ತೀರಿ?"

"ನಿಮ್ಮತ್ತಿ ಇದಾರಲ್ಲ, ದಾರಿ ಹುಡುಕ್ಯಾರ. ಕೆಲಸದ ದಿನ 'ಗುಳಿಗಿ ಮುಟ್ಟಬ್ಯಾಡ್ರಿ' ಅಂದಾರ. ಸೋಮಾರ ಮನ್ಯಾಗ ಇರ್ತೀವಲ್ಲ, ಅವತ್ತ ವಾರದ್ದೆಲ್ಲಾ ಕೂಡಿ ನುಂಗೋದು."

ನನಗೆ ಆಟೋ ಗುಂಡಿಗೆ ಬಿದ್ದಂತಾಯಿತು. ನಿಜಕ್ಕೂ ಬಿದ್ದಿತ್ತೋ ಏನೋ. "ಚಿಕ್ಕತ್ತೆ, ಬಿಟ್ಟದ್ದನ್ನ ಬಿಸಾಕಬಹುದಿತ್ತಲ್ಲ?"

ಚಿಕ್ಕತ್ತೆ ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಬಿಸಾಕಿ ಖಾಲಿ ಪಟ್ಟಿ ತೋರ್ಸೋದೇನು? ಅದು ಮೋಸ ಅಲ್ಲೇನು? ಆಂಜನೇಯನ ಗುಡಿಗೆ ಹೊಂಟೀವಿ, ಎಂಥಾ ಮಾತ ಆಡ್ತೀಯವ್ವ ನೀ!"

ಸ್ಟ್ರಿಪ್ಪು ಖಾಲಿಯಾಗಿ ತೋರಿಸಬೇಕು ಎಂದು ನಾವು ಹೇಳಿದ್ದೆವು. ಸುಳ್ಳು ಹೇಳಬಾರದೆಂದು ಇವರು ವಾರದ ಮಾತ್ರೆಯನ್ನು ಒಂದೇ ದಿನ ಹೊಟ್ಟೆಗೆ ಇಳಿಸುತ್ತಿದ್ದರು. ಅದೇ ದಿನ ಮಷೀನೂ ಬರುತ್ತಿತ್ತು, ಅಂಕಿ ಬಂಗಾರವಾಗದೆ ಇನ್ನೇನಾಗುತ್ತದೆ? ಇಡೀ ಗುಂಪಿನಲ್ಲಿ ಒಬ್ಬಳಾದರೂ ಸುಳ್ಳುಗಾತಿ ಇದ್ದಿದ್ದರೆ ಅವಳಾದರೂ ನೆಟ್ಟಗಿರುತ್ತಿದ್ದಳು.

"ನಾವು ಮುಂಜಾನಿ ಅರ್ಧ, ಸಂಜೀಕ ಅರ್ಧ ನುಂಗ್ತೀವಿ" ಎಂದು ಚಿಕ್ಕತ್ತೆ ಸ್ವರ ಇಳಿಸಿ ಮುಂದುವರಿಸಿದರು. "ಅಷ್ಟಕ್ಕ ಕೈಕಾಲಾಗಿನ ಬಲ ಹ್ವಾದಂಗ ಆಗತೈತಿ. ನಿಮ್ಮತ್ತಿ ಮೇಸ್ತ್ರಿ ನೋಡು, ಒಂದ ಗುಟುಕಿಗೆ ಎಲ್ಲಾ. ಮಧ್ಯಾಹ್ನ ಗ್ವಾಡಿ ಹಿಡ್ಕೊಂಡು ಅಡ್ಡಾಡ್ತಾರ. ಹೋದ ಸೋಮಾರ ಬಚ್ಚಲದಾಗ ಬಿದ್ರಲ್ಲ, ಅದು ಪಾಚಿ ಜಾರಿ ಅಲ್ಲವ್ವ. ನಾ ಹೇಳ್ದೆ ಅಂತ ಹೇಳಬ್ಯಾಡ."

ನನ್ನ ಮೋಜೆಲ್ಲ ಇಳಿದುಹೋಯಿತು. ಆ ಸೋಮವಾರ ಅತ್ತೆಯ ಮೊಣಕೈಗೆ ಎಣ್ಣೆ ಹಚ್ಚಿದವಳು ನಾನೇ, ಬಚ್ಚಲ ಪಾಚಿಯನ್ನು ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತೊಳೆದವಳೂ ನಾನೇ. ಗುಡಿಯಲ್ಲಿ ಎಲ್ಲರೂ ಮಳೆ ಬೆಳೆ ಮಕ್ಕಳು ಮರಿ ಎಂದು ಬೇಡಿಕೊಳ್ಳುತ್ತಿದ್ದರು. ನಾನು, ಹನುಮಪ್ಪಾ, ಈ ಒಂದು ಸೋಮವಾರವನ್ನು ಸ್ವಲ್ಪ ತಡಮಾಡು ಎಂದು ಕೇಳಿಕೊಂಡೆ. ಅತ್ತೆ ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತಿದ್ದರು. ಬಿದ್ದು ತಲೆಗೆ ಪೆಟ್ಟಾದರೆ, ನಾನು ಯಾವುದೋ ಊರಲ್ಲಿ ಯಾರಿಗೋ ತಲೆಸುತ್ತು ಇದೆಯಾ ಎಂದು ಕೇಳುತ್ತಿರುವಾಗ ಇವರು ಒಬ್ಬರೇ ಬಿದ್ದರೆ ಎಂದು ಯೋಚಿಸುತ್ತ, ಪ್ರದಕ್ಷಿಣೆಯುದ್ದಕ್ಕೂ ಅವರ ತೋಳಿನ ಪಕ್ಕದಲ್ಲೇ ನಡೆದೆ.

ನೇರವಾಗಿ ಹೇಳುವಂತಿರಲಿಲ್ಲ. ಹೇಳಿದರೆ "ಏನೂ ಇಲ್ಲ" ಎಂಬ ಉತ್ತರ ತಯಾರಿತ್ತು. ಊರೆಲ್ಲ ಗೊತ್ತಾಗುವಂತೆ ಸಾರನ್ನು ಕರೆಸಿ ಹೇಳಿಸಿದರೆ, ಮೇಸ್ತ್ರಿಯ ಮಾತು ಕೇಳಿ ಗುಂಪು ಕೆಟ್ಟಿತೆಂದು ಅತ್ತೆಯ ಪಟ್ಟವೇ ಹೋಗುತ್ತಿತ್ತು. ಆದರೆ ಗುಂಪಿನ ಉಳಿದ ಹೆಂಗಸರು ನಿಲ್ಲಿಸಬೇಕಾದರೂ ಅತ್ತೆಯೇ ಹೇಳಬೇಕು, ನನ್ನ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ? ನನ್ನ ಗಂಡನಿಗೆ ಹೇಳಿದೆ. ಕರೆಂಟಿನ ಕಂಬ ಹತ್ತಲು ಹೆದರದ ಮನುಷ್ಯ "ಅವ್ವಗ ಹೇಳಾಕ ನಾ ಒಲ್ಲೆ" ಎಂದು ಕೈಯೆತ್ತಿದರು. ಸೋಮವಾರ ಬೆಳಗ್ಗೆ ನಾನೇ ಮಾತಾಡುವುದು, ಅದಕ್ಕೂ ಬಗ್ಗದಿದ್ದರೆ ಡಾಕ್ಟರ ಬಳಿ ಓಡುವುದು, ಪಟ್ಟ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೆ.

ಸೋಮವಾರ ಅತ್ತೆ ತಿಂಡಿ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಎಲೆಅಡಿಕೆ ಚೀಲ ಬಿಚ್ಚಿದರು. ಒಂದೊಂದೇ ಮಾತ್ರೆಯನ್ನು ಒತ್ತಿ ಒತ್ತಿ, ಶೇಂಗಾ ಬಿಡಿಸಿದಂತೆ ಅಂಗೈಗೆ ಹಾಕಿಕೊಂಡರು. ನಾನು ನೀರಿನ ಚೊಂಬನ್ನು ಅವರ ಕೈಗೆ ಎಟುಕದ ಕಡೆ ಇಟ್ಟು ಎದುರಿಗೆ ಕೂತೆ.

"ಅಗಳಿ ಕಡೆ ಒಬ್ರು ಅಜ್ಜಿ ಅವ್ರೆ ಕಣತ್ತೆ."

"ಹ್ಞೂಂ. ಏನಾಗೈತಿ ಆಕಿಗೆ?"

"ಅವ್ರೂ ಒಂದು ಗುಂಪಿಗೆ ಯಜಮಾನಿ. ವಾರವೆಲ್ಲ ಮಾತ್ರೆ ಬಿಟ್ಟು ಸೋಮವಾರ ಎಲ್ಲಾ ಒಟ್ಟಿಗೆ ನುಂಗ್ತಾರೆ."

ಅತ್ತೆಯ ಅಂಗೈ ಅಲ್ಲೇ ನಿಂತಿತು. ನನ್ನನ್ನು ಒಂದು ಕ್ಷಣ ನೋಡಿದರು. "ಅಗಳ್ಯಾಗೂ ಸೋಮಾರ ರಜಾ ಐತೇನು?"

"ಐತೆ ಕಣತ್ತೆ. ಹೊಸದಾಗಿ ಬಂದೈತೆ."

"ಬೀಳ್ತಾಳೇನು ಆಕಿ?"

"ಬಿದ್ರು. ಬಚ್ಚಲಲ್ಲಿ. ಪಾಚಿ ಜಾರಿತು ಅಂದ್ರು, ಸೊಸೆ ನಂಬಿದ್ಲು."

"ಸೊಸಿ ದಡ್ಡಿ ಇರಬೇಕು."

"ಹೂ ಕಣತ್ತೆ. ಕೂತ್ಕಂಡು ಪಾಚಿ ತಿಕ್ಕಿದ್ಲು."

ಅತ್ತೆಯ ತುಟಿ ಒಂದಿಷ್ಟು ಅಲುಗಿತು, ನಗು ಪೂರ್ತಿ ಬರಲಿಲ್ಲ. ಅಂಗೈಯ ಮಾತ್ರೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸರಿಸಿದರು. ಆಮೇಲೆ ಕೇಳಿದರು. "ಆಕಿ ಯಾಕ ಹಂಗ ಮಾಡ್ತಾಳ, ಕೇಳಿದೇನು?"

"ಕೇಳಿದ್ರೆ ಹೇಳಲ್ಲ ಅವ್ರು."

"ನಾ ಹೇಳ್ತೀನಿ ಕೇಳು. ಕೆಲಸದ ನಡುವ ತಾಸಿಗೊಮ್ಮೆ ಎದ್ದು ಬದುವಿನ ಮರೀಗೆ ಓಡಿದ್ರ, ಮುದುಕಿ ಆದ್ಲು ಅಂತಾರ. ಮುದುಕಿ ಹಿಂದ ಯಾರ ಬರ್ತಾರ? ಗಂಡ ಹ್ವಾದ ಮ್ಯಾಲ ಆಕೀನ್ನ ನಿಲ್ಲಿಸಿದ್ದು ಆ ಗುಂಪು. ಅದೂ ಹ್ವಾದ್ರ ಆಕಿಗೆ ಏನೈತಿ? ಅಂಜಿಕಿ ಐತಿ ಆಕಿಗೆ. ಬೀಳೋದರ ಅಂಜಿಕಿ ಅಲ್ಲ. ಬಿದ್ದದ್ದು ನಾಕು ಮಂದಿ ನೋಡ್ತಾರಲ್ಲ, ಅದರ ಅಂಜಿಕಿ."

ಅಷ್ಟು ವರ್ಷಗಳಲ್ಲಿ ಅತ್ತೆಯ ಬಾಯಿಂದ ಅಂಜಿಕೆ ಎಂಬ ಮಾತನ್ನು ನಾನು ಕೇಳಿಯೇ ಇರಲಿಲ್ಲ.

"ಆ ಸೊಸೆಗೂ ಹೆದರಿಕೆ ಆಗೈತೆ ಕಣತ್ತೆ. ಅವಳಿಗೆ ಇರೋದೇ ಒಬ್ರು ಅತ್ತೆ. ಎಷ್ಟು ಕಾಟ ಕೊಟ್ರೂ ಸೈ, ಇರಲಿ ಅಂತಾಳೆ."

ಅತ್ತೆ ಮುಖ ಆಚೆ ತಿರುಗಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡು, ಅಂಗೈಯಲ್ಲಿದ್ದ ಮಾತ್ರೆಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ನನ್ನ ಮಡಿಲಿಗೆ ಸುರಿದರು. "ಚೊಂಬು ಇತ್ತ ತಾ. ಕೈಗೆ ಸಿಗದಂಗ ಇಟ್ಟೀದಿ, ನೋಡಿಲ್ಲ ಅಂದ್ಕಂಡಿ ಏನು?"

ಅವತ್ತೇ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅತ್ತೆ ಅಲ್ಲೂ "ಅಗಳ್ಯಾಗ ಒಬ್ಬಾಕಿ ಅದಾಳಂತ್ರಿ" ಎಂದೇ ಶುರು ಮಾಡಿದರು. ಡಾಕ್ಟರು ಅಗಳಿಯವಳ ಬಿ.ಪಿ.ಯನ್ನು ಅತ್ತೆಯ ತೋಳಿನಲ್ಲೇ ನೋಡಿ, ಮೂತ್ರಕ್ಕೆ ಅವಸರ ಮಾಡದ ಬೇರೆ ಮಾತ್ರೆ ಬರೆದರು. ಕೆಲಸದ ದಿನವೂ ಒಂದು, ರಜೆಯ ದಿನವೂ ಒಂದೇ, ಬಿಟ್ಟುಹೋದದ್ದು ಬಿಟ್ಟೇ ಹೋಗಲಿ ಎಂದು ಅಗಳಿಯವಳಿಗೆ ತಾಕೀತು ಮಾಡಲು ಹೇಳಿದರು. ಸಂಜೆಯೊಳಗೆ ಅತ್ತೆ ಗುಂಪಿನ ಮನೆಮನೆಗೆ ಹೋಗಿ, ಉಳಿದವರೂ ಡಾಕ್ಟರ ಬಳಿ ಹೋಗಬೇಕೆಂದು ಅಪ್ಪಣೆ ಮಾಡಿದರು. "ಈ ಗುಳಿಗಿ ಸರಿ ಇಲ್ಲಂತ ನಾ ಮೊದ್ಲ ಹೇಳಿದ್ದೆ" ಎಂದು ಅವರು ಗಟ್ಟಿಯಾಗಿ ಹೇಳುವುದು ನಮ್ಮ ಕಟ್ಟೆಯವರೆಗೂ ಕೇಳಿಸಿತು. ಹೌದ್ರಿ, ಹೇಳಿದ್ರಿ ಎಂದು ಗುಂಪು ಒಪ್ಪಿಕೊಂಡಿತು.

ಸೂಪರ್‌ವೈಸರ್ ಸಾರಿಗೆ ನಾನು ವಿಷಯ ತಿಳಿಸಿದಾಗ ಪಾಪ, ತಲೆ ಹಿಡಿದುಕೊಂಡು ಕೂತರು. ಬಂಗಾರವೆಲ್ಲ ಒಂದೇ ಮಾತಿಗೆ ಹೋಗಿತ್ತು. ಬೆಂಗಳೂರಿನಿಂದ ಬೈಗುಳ ಬರುತ್ತದೆಂದು ಇಬ್ಬರೂ ಕಾದೆವು. ಅವರು ಬೈಯಲಿಲ್ಲ. ಜನ ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಕೆಲಸ ಮಾಡುತ್ತಾರೆ, ಅಲ್ಲಿ ಮಾತ್ರೆ ನುಂಗುವುದು ಸಾಧ್ಯವೇ ಎಂದು ಮೊದಲು ಕೇಳಿ, ಕೆಲಸದ ದಿನವೇ ಹೋಗಿ ಮಷೀನು ಹಚ್ಚಿ ಎಂದರು.

ಅದಕ್ಕೇ ಒಂದು ಬುಧವಾರ ಸಾರು ಪ್ಯಾಂಟು ಮಡಿಸಿಕೊಂಡು, ಮಷೀನನ್ನು ತಲೆಯ ಮೇಲೆ ಹಿಡಿದು, ಗದ್ದೆಯ ಬದುವಿನ ಮೇಲೆ ನಡೆದು ಬಂದರು. ಹಿಂದೆ ನಾನು, ಸಾರನ್ನು ಕರೆತರಲು ಬೆಳಗಿನ ಬಸ್ಸಿಗೆ ಓಡಿದ ತಲೆನೋವಿನ ಜೊತೆಗೆ. ದಾರಿಯಲ್ಲಿ ಸಾರಿನ ಒಂದು ಚಪ್ಪಲಿ ಕೆಸರಿನ ಪಾಲಾಯಿತು, ಹೆಂಗಸರಿಗೆ ಆ ದಿನದ ಕೆಲಸಕ್ಕೆ ಸಾಕಾಗುವಷ್ಟು ನಗು ಸಿಕ್ಕಿತು. ಅತ್ತೆ ಕೈ ತೊಳೆದು ಬಂದು ಬದುವಿನ ಮೇಲೆ ಕೂತರು. ಅಂಕಿ ಬಂಗಾರವೇನಲ್ಲ, ಆದರೆ ಪರವಾಗಿಲ್ಲ ಎಂದರು ಸಾರು. ಆಮೇಲೆ ಅದೇ ಹಳೆಯ ಪ್ರಶ್ನೆ ಕೇಳಿದರು. ಅತ್ತೆ ಅದೇ ಹಳೆಯ "ಏಮೀ ಲೇದು" ಹೇಳಿದರು. ಸಾರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ತಮ್ಮ ಮುರುಕು ಕನ್ನಡದಲ್ಲಿ ನನ್ನ ವಿದ್ಯೆಯನ್ನೇ ಪ್ರಯೋಗಿಸಿದರು. "ನಿಮ್ಮ ಪಕ್ಕದ ಮನೆಯಲ್ಲಿ ಯಾರಿಗಾದರೂ ತೊಂದರೆ ಇದೆಯಾ ಅಮ್ಮಾ?"

"ಪಕ್ಕದ ಮನಿ ಯಾಕ್ರಿ" ಎಂದರು ಅತ್ತೆ. "ನಮ್ಮ ಮನ್ಯಾಗ ಒಬ್ಬಾಕಿ ಅದಾಳ. ಊರಾಗಿನ ಮಂದಿ ತ್ರಾಸೆಲ್ಲಾ ಕೇಳ್ಕೊಂತ ಅಡ್ಡಾಡ್ತಾಳ. ತಾನು ಮುಂಜಾನಿ ಒಂದು ತುತ್ತು ತಿನ್ನಂಗಿಲ್ಲ, ಖಾಲಿ ಹೊಟ್ಟ್ಯಾಗ ತೆಲಿನೋವಿನ ಗುಳಿಗಿ ನುಂಗಿ ಬಸ್ ಹತ್ತತಾಳ. ದಿನಾ ನುಂಗ್ತಾಳ್ರಿ. ಬಚ್ಚಲದಾಗ ವಾಂತಿ ಮಾಡ್ಕೊಂಡು, ನಳ ಜೋರಾಗಿ ಬಿಟ್ಟು, ಯಾರಿಗೂ ಕೇಳಿಸಿಲ್ಲ ಅಂತ ತಿಳಿದಾಳ. ಕೇಳಿದ್ರ 'ಏನೂ ಇಲ್ಲ ಕಣತ್ತೆ.' ನಮ್ಮ ಮನಿಗೆ ಇರೋದ ಒಬ್ಬಾಕಿ ಸೊಸಿ ರೀ. ಬರ್ಕೊಳ್ರಿ."

ಸಾರು ನಗು ನಿಲ್ಲಿಸಿ ನನ್ನನ್ನು ನೋಡಿದರು. "ನಿಜವಾ ಅಮ್ಮಾ?"

"ಏನೂ ಇಲ್ಲ ಸಾರ್, ಚೆನ್ನಾಗಿದ್ದೀನಿ" ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರೆಲ್ಲ ಸಸಿ ಕೈಯಲ್ಲಿ ಹಿಡಿದುಕೊಂಡೇ ಎದ್ದುನಿಂತು ನಕ್ಕರು. ಅತ್ತೆ ನಗಲಿಲ್ಲ. ಬದುವಿನ ಮೇಲಿಟ್ಟಿದ್ದ ತಮ್ಮ ಬುತ್ತಿಯ ಗಂಟು ಬಿಚ್ಚಿ, ಒಂದು ರೊಟ್ಟಿಯ ಮೇಲೆ ಪಲ್ಯ ಇಟ್ಟು ನನ್ನ ಕೈಗೆ ಕೊಟ್ಟರು. ನಾನು ಅದನ್ನು ತಿಂದು ಮುಗಿಸುವವರೆಗೆ, ನಾಟಿಯನ್ನೂ ಸಾರನ್ನೂ ಬಿಟ್ಟು, ಅಲ್ಲೇ ನಿಂತಿದ್ದರು.